ನೋವಿಲ್ಲದಿದ್ರೂ ಹಲ್ಲು ತೋರಿಸ್ಬೇಕಾ? ಚೆಕಪ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹಲ್ಲಿನ ಡಾಕ್ಟರು. ಪ್ರಶ್ನೆಗಳು ಕ್ಲಿನಿಕ್ಕಿನಲ್ಲಿ ಬರುವುದಕ್ಕಿಂತ ಜಾಸ್ತಿ ಮದುವೆಮನೆಯ ಊಟದ ಪಂಕ್ತಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ರಾತ್ರಿ ಹನ್ನೊಂದರ ವಾಟ್ಸಾಪ್ ಮೆಸೇಜಿನಲ್ಲಿ ಬರುತ್ತವೆ. ಜನ ಕೇಳಿದ ಮಾತಿನಲ್ಲೇ ಅವನ್ನು ಇಲ್ಲಿ ಇಟ್ಟಿದ್ದೇನೆ. ಇದು ಮಾಮೂಲಿ ಚೆಕಪ್ ಬಗ್ಗೆ ಮಾತ್ರ. ಮುಖ ಊದಿದ್ದರೆ, ಜೊತೆಗೆ ಜ್ವರವಿದ್ದರೆ, ಬಾಯಿ ತೆಗೆಯಲು ಅಥವಾ ನುಂಗಲು ಆಗುತ್ತಿಲ್ಲವಾದರೆ ಇದನ್ನು ಓದುತ್ತಾ ಕೂರಬೇಡಿ, ಇವತ್ತೇ ಆಸ್ಪತ್ರೆಗೆ ಹೋಗಿ.

## ಮೊದಲ ಸಲ ಹೋಗುವವರಿಗೆ

ನನಗೆ ಯಾವ ನೋವೂ ಇಲ್ಲ. ಸುಮ್ನೆ ಯಾಕೆ ಹೋಗ್ಬೇಕು?

ಹಲ್ಲಿನ ಹೊರಪದರಕ್ಕೆ, ಅಂದರೆ ಎನಾಮಲ್‌ಗೆ, ನರವೇ ಇಲ್ಲ. ಹುಳುಕು ಅಲ್ಲಿ ಶುರುವಾದಾಗ ನಿಮಗೆ ಏನೂ ಗೊತ್ತಾಗುವುದಿಲ್ಲ. ಅದು ಒಳಪದರಕ್ಕೆ ಇಳಿದ ಮೇಲೆ ತಣ್ಣೀರು, ಐಸ್‌ಕ್ರೀಮು ಜುಮ್ ಅನ್ನಿಸುತ್ತವೆ. ಅದನ್ನೂ ಜನ ಆ ಕಡೆ ಅಗಿಯೋದು ಬಿಟ್ಟು ಸುಧಾರಿಸಿಕೊಂಡು ಹೋಗುತ್ತಾರೆ. ಆಮೇಲೆ ಒಂದು ರಾತ್ರಿ ನಿದ್ದೆ ಕೆಡಿಸುವ ನೋವು ಬರುತ್ತದೆ. ಅಷ್ಟು ಹೊತ್ತಿಗೆ ಹುಳುಕು ನರ ಮುಟ್ಟಿರುತ್ತದೆ, ಚಿಕ್ಕ ಫಿಲ್ಲಿಂಗಿನಲ್ಲಿ ಮುಗಿಯುತ್ತಿದ್ದ ಕೆಲಸ ರೂಟ್ ಕೆನಾಲ್‌ಗೋ ಹಲ್ಲು ಕೀಳುವುದಕ್ಕೋ ಬಂದು ನಿಂತಿರುತ್ತದೆ.

ಒಸಡಿನ ಕಾಯಿಲೆ ಇನ್ನೂ ಸದ್ದಿಲ್ಲದ್ದು. ಬ್ರಷ್ ಮಾಡುವಾಗ ಸ್ವಲ್ಪ ರಕ್ತ, ಬೆಳಗ್ಗೆ ಬಾಯಿ ವಾಸನೆ, ಅಷ್ಟೇ. ಹಲ್ಲು ಅಲುಗಾಡಲು ಶುರುವಾದಾಗಲೇ ಬಹಳ ಜನ ಬರುವುದು. ಹಲ್ಲನ್ನು ಹಿಡಿದಿದ್ದ ಮೂಳೆ ಆಗಲೇ ಕರಗಿರುತ್ತದೆ, ಅದು ತಾನಾಗಿ ಮತ್ತೆ ಬೆಳೆಯುವುದಿಲ್ಲ. ನೋವು ಬಂದ ಮೇಲೆ ಬರುವುದು ಚಿಕಿತ್ಸೆಗೆ. ಚೆಕಪ್ ಅಂದರೆ ನೋವಿಲ್ಲದಾಗ ಬರುವುದು. ಆಗಲೇ ನಿಮಗೆ ಯೋಚನೆ ಮಾಡಲು ಟೈಮ್ ಇರುತ್ತದೆ, ಬೇಡ ಅನ್ನುವ ಅವಕಾಶವೂ ಇರುತ್ತದೆ.

ಆರು ತಿಂಗಳಿಗೊಮ್ಮೆ ಅಂತಾರಲ್ಲ, ನಿಜವಾಗ್ಲೂ ಅಷ್ಟು ಬೇಕಾ?

ಎಲ್ಲರಿಗೂ ಬೇಡ. ಆರು ತಿಂಗಳು ಅನ್ನುವುದು ರೂಢಿಯಿಂದ ಬಂದ ಲೆಕ್ಕ. ಬ್ರಿಟನ್ನಿನಲ್ಲಿ ಚಿಕಿತ್ಸೆ ಹೇಗಿರಬೇಕು ಅಂತ ಸಲಹೆ ಕೊಡುವ ನೈಸ್ ಸಂಸ್ಥೆಯ ಮಾರ್ಗಸೂಚಿ ದೊಡ್ಡವರಿಗೆ 3 ತಿಂಗಳಿಂದ 2 ವರ್ಷದವರೆಗೆ, ಅವರವರ ಬಾಯಿ ನೋಡಿ ನಿರ್ಧರಿಸಿ ಅನ್ನುತ್ತದೆ. 18 ವರ್ಷದೊಳಗಿನವರಿಗೆ ಮಾತ್ರ ಒಂದು ವರ್ಷ ಮೀರಬಾರದು. ಅದೇ ದೇಶದಲ್ಲಿ ದೊಡ್ಡವರನ್ನು 4 ವರ್ಷ ಗಮನಿಸಿದ ಒಂದು ಅಧ್ಯಯನದಲ್ಲೂ ಆರು ತಿಂಗಳಿಗೆ ಬಂದವರಿಗೂ ಅವರವರ ಅಪಾಯ ನೋಡಿ ಕರೆಸಿದವರಿಗೂ ಒಸಡಿನ ಆರೋಗ್ಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ನಾನು ಹೇಳುವುದು ಹೀಗೆ. ಸಕ್ಕರೆ ಕಾಯಿಲೆ, ತಂಬಾಕು ಅಥವಾ ಅಡಿಕೆ, ಬಾಯಿತುಂಬ ಹಳೇ ಫಿಲ್ಲಿಂಗು, ಹಲ್ಲಿಗೆ ಕ್ಲಿಪ್ಪು, ಒಸಡಿನ ತೊಂದರೆ, ಇವುಗಳಲ್ಲಿ ಯಾವುದಿದ್ದರೂ 3ರಿಂದ 6 ತಿಂಗಳಿಗೊಮ್ಮೆ ಬನ್ನಿ. ಇದ್ಯಾವುದೂ ಇಲ್ಲದೆ, ಹೋದ ಸಲ ಎಲ್ಲ ಸರಿಯಿದ್ದರೆ ವರ್ಷಕ್ಕೊಮ್ಮೆ ಸಾಕು. ಹತ್ತು ವರ್ಷದಿಂದ ಒಮ್ಮೆಯೂ ಹೋಗದವರು ಆರು ತಿಂಗಳೋ ವರ್ಷವೋ ಅಂತ ವಾದ ಮಾಡುವುದನ್ನು ನೋಡಿದರೆ ನಗು ಬರುತ್ತದೆ. ಮೊದಲು ಒಂದು ಸಲ ಹೋಗಿ ಬನ್ನಿ, ಆಮೇಲೆ ಲೆಕ್ಕ ಹಾಕೋಣ.

ಮೊದಲ ಸಲ ಹೋದ್ರೆ ಏನೇನ್ ಮಾಡ್ತಾರೆ?

ಮೊದಲು ಮಾತು. ಬಿಪಿ, ಶುಗರ್, ಹೃದಯದ ತೊಂದರೆ, ಅಲರ್ಜಿ, ದಿನಾ ನುಂಗುವ ಮಾತ್ರೆ ಎಲ್ಲ ಕೇಳುತ್ತಾರೆ. ಹಲ್ಲಿಗೂ ಇದಕ್ಕೂ ಏನು ಸಂಬಂಧ ಅಂತ ಮುಚ್ಚಿಡಬೇಡಿ, ಸಂಬಂಧ ಇದೆ, ಮುಂದೆ ಹೇಳುತ್ತೇನೆ. ಆಮೇಲೆ ಕಿವಿಯ ಮುಂದೆ ದವಡೆ ಕೀಲು ಮುಟ್ಟಿ ನೋಡುತ್ತಾರೆ, ಕತ್ತಿನಲ್ಲಿ ಗಂಟು ಇದೆಯಾ ಅಂತ ಒತ್ತಿ ನೋಡುತ್ತಾರೆ. ನಂತರ ಬಾಯಿಯೊಳಗೆ ಕೆನ್ನೆ, ನಾಲಿಗೆಯ ಅಂಚು, ನಾಲಿಗೆ ಕೆಳಗೆ, ಅಂಗುಳ. ಹಲ್ಲಿನ ಸರದಿ ಕೊನೆಗೆ. ಪುಟ್ಟ ಕನ್ನಡಿ, ಮೊನೆಯಿರುವ ಒಂದು ಕಡ್ಡಿ, ಗಾಳಿ ಊದುವ ಒಂದು ಸಿರಿಂಜು, ಇಷ್ಟೇ ಸಾಮಾನು. ಬೇಕೆನಿಸಿದರೆ ಎಕ್ಸ್-ರೇ. ಎಲ್ಲ ಸೇರಿ ಇಪ್ಪತ್ತು ನಿಮಿಷದಿಂದ ಅರ್ಧ ಗಂಟೆ. ಬರೀ ಚೆಕಪ್ಪಿಗೆ ಇಂಜೆಕ್ಷನ್ ಇಲ್ಲ, ಡ್ರಿಲ್ ಇಲ್ಲ.

ಬಾಯಿಯನ್ನೇ ಸರಿಯಾಗಿ ನೋಡದೆ ಎರಡೇ ನಿಮಿಷದಲ್ಲಿ ಖರ್ಚಿನ ಪಟ್ಟಿ ಕೈಗೆ ಬಂದರೆ ಅದನ್ನು ಚೆಕಪ್ ಅಂತ ಕರೆಯಬೇಡಿ.

ಡಾಕ್ಟರು ನರ್ಸಿಗೆ ನಲವತ್ತಾರು ಅಂತ ಬರೆಸಿದ್ರು. ನನಗೆ ಇರೋದೇ 32 ಹಲ್ಲಲ್ವಾ?

ಅದು ಎಣಿಕೆಯಲ್ಲ, ವಿಳಾಸ. ಬಾಯಿಯನ್ನು ನಾಲ್ಕು ಭಾಗ ಮಾಡಿದ್ದಾರೆ. ನಿಮ್ಮ ಬಲ ಮೇಲಿನದು 1, ಎಡ ಮೇಲಿನದು 2, ಎಡ ಕೆಳಗಿನದು 3, ಬಲ ಕೆಳಗಿನದು 4. ಪ್ರತಿ ಭಾಗದಲ್ಲಿ ಮುಂದಿನ ಮಧ್ಯದ ಹಲ್ಲಿನಿಂದ ಹಿಂದಕ್ಕೆ 1ರಿಂದ 8. ಹಾಗಾಗಿ 46 ಅಂದರೆ ಬಲಗಡೆ ಕೆಳಗಿನ ಮೊದಲ ದೊಡ್ಡ ದವಡೆ ಹಲ್ಲು. 8 ಅಂತ ಮುಗಿದರೆ ಬುದ್ಧಿಹಲ್ಲು. ಹಾಲುಹಲ್ಲಿಗೆ ಮೊದಲ ಅಂಕಿ 5ರಿಂದ 8ರವರೆಗೆ, ಅದಕ್ಕೇ ಮಗುವಿನ ಚೀಟಿಯಲ್ಲಿ 75, 85 ಅಂತೆಲ್ಲ ಇರುತ್ತದೆ. ಇದನ್ನು ಕಲಿತರೆ ನಿಮ್ಮ ಬಿಲ್ಲು ನಿಮಗೇ ಓದಲು ಬರುತ್ತದೆ.

ಹೋಗೋ ಮುಂಚೆ ಊಟ ಮಾಡ್ಬಹುದಾ? ಚೆನ್ನಾಗಿ ಉಜ್ಕೊಂಡ್ ಹೋಗ್ಬೇಕಾ?

ಊಟ ಮಾಡಿ. ಖಾಲಿ ಹೊಟ್ಟೆಯಲ್ಲಿ ಬಂದು ಕುರ್ಚಿಯಲ್ಲಿ ತಲೆ ಸುತ್ತಿಸಿಕೊಳ್ಳುವವರೇ ಜಾಸ್ತಿ. ದಿನಾ ಉಜ್ಜಿದ ಹಾಗೆ ಉಜ್ಜಿ ಬನ್ನಿ, ಅವತ್ತೊಂದು ದಿನ ಒಸಡು ಕಿತ್ತುಬರುವ ಹಾಗೆ ತಿಕ್ಕಬೇಡಿ. ಮಾತ್ರೆಗಳ ಹೆಸರು ನೆನಪಿಲ್ಲದಿದ್ದರೆ ಖಾಲಿ ಸ್ಟ್ರಿಪ್ಪನ್ನೇ ಜೇಬಿಗೆ ಹಾಕಿಕೊಂಡು ಬನ್ನಿ. ಹಳೇ ಎಕ್ಸ್-ರೇ ಇದ್ದರೆ ತನ್ನಿ, ಹೊಸದು ತೆಗೆಯುವುದು ಉಳಿಯಬಹುದು.

ನನಗೆ ಭಯ. ಬಾಯಿ ನೋಡಿ ಬೈತಾರೆ ಅನ್ನೋ ನಾಚಿಕೆ ಬೇರೆ.

ಕೂತ ತಕ್ಷಣ ಅದನ್ನೇ ಹೇಳಿ. ಎಡಗೈ ಎತ್ತಿದರೆ ನಿಲ್ಲಿಸಬೇಕು ಅಂತ ಮಾತು ಮಾಡಿಕೊಳ್ಳಿ, ಇದನ್ನು ಒಪ್ಪದ ಡಾಕ್ಟರು ಕಡಿಮೆ. ಮೊದಲ ದಿನ ಬರೀ ನೋಡಿ, ಏನೂ ಮಾಡಬೇಡಿ ಅಂತಲೂ ಕೇಳಬಹುದು. ನಿಮ್ಮದಕ್ಕಿಂತ ಕೆಟ್ಟ ಬಾಯಿ ನಾವು ದಿನಾ ನೋಡುತ್ತೇವೆ. ಬೈಯುವ ಡಾಕ್ಟರು ಸಿಕ್ಕರೆ ಡಾಕ್ಟರನ್ನು ಬದಲಾಯಿಸಿ, ಚೆಕಪ್ ಬಿಡಬೇಡಿ.

## ಕುರ್ಚಿಯಲ್ಲಿ ಕೂತ ಮೇಲೆ

ಕ್ಲೀನಿಂಗ್ ಮಾಡಿಸಿದ್ರೆ ಹಲ್ಲು ಸಡಿಲ ಆಗುತ್ತಂತೆ, ನಮ್ಮ ಮಾವನಿಗೆ ಹಾಗೇ ಆಯ್ತು

ನಾನು ಅತಿ ಹೆಚ್ಚು ಸಲ ಉತ್ತರ ಕೊಟ್ಟಿರುವ ಪ್ರಶ್ನೆ ಇದು. ಹಲ್ಲಿನ ಮೇಲೆ ದಿನಾ ಒಂದು ಅಂಟು ಪದರ ಕೂರುತ್ತದೆ. ಉಜ್ಜದೆ ಬಿಟ್ಟ ಕಡೆ ಅದು ಎಂಜಲಿನಲ್ಲಿರುವ ಕ್ಯಾಲ್ಸಿಯಂ ಸೇರಿ ಕಲ್ಲಾಗುತ್ತದೆ. ಕೆಳಗಿನ ಮುಂದಿನ ಹಲ್ಲುಗಳ ಒಳಬದಿಯನ್ನು ನಾಲಿಗೆಯಿಂದ ಮುಟ್ಟಿ ನೋಡಿ, ಒರಟೊರಟಾಗಿ ಸಿಗುತ್ತದಲ್ಲ, ಅದೇ. ಅಲ್ಲೇ ಜಾಸ್ತಿ ಯಾಕೆ ಅಂದರೆ ಎಂಜಲಿನ ಗ್ರಂಥಿಯ ಬಾಯಿ ಅಲ್ಲೇ ತೆರೆಯುತ್ತದೆ. ಒಮ್ಮೆ ಕಲ್ಲಾದ ಮೇಲೆ ಯಾವ ಬ್ರಷ್ಷಿಗೂ ಅದು ಬರುವುದಿಲ್ಲ. ಅದು ಒಸಡಿನ ಕೆಳಕ್ಕೆ ಬೆಳೆಯುತ್ತಾ ಹೋದ ಹಾಗೆ ಒಸಡು ಬಾತು, ಒಳಗಿನ ಮೂಳೆ ಕರಗುತ್ತದೆ.

ಈಗ ನಿಮ್ಮ ಮಾವನ ವಿಷಯ. ಅವರ ಹಲ್ಲಿನ ಸುತ್ತ ಮೂಳೆ ಮೊದಲೇ ಕರಗಿತ್ತು. ಆ ಕಲ್ಲೇ ಅಕ್ಕಪಕ್ಕದ ಹಲ್ಲುಗಳನ್ನು ಒಂದಕ್ಕೊಂದು ಸೇರಿಸಿ ಹಿಡಿದಿತ್ತು. ಕಲ್ಲು ತೆಗೆದ ಮೇಲೆ ಇದ್ದ ಸಡಿಲ ಗೊತ್ತಾಯಿತು, ಕಲ್ಲು ತುಂಬಿದ್ದ ಜಾಗ ಸಂದಿಯಾಗಿ ಕಂಡಿತು. ಕ್ಲೀನಿಂಗ್ ಮಾಡಿಸದೆ ಬಿಟ್ಟಿದ್ದರೆ ಇನ್ನಷ್ಟು ಮೂಳೆ ಹೋಗುತ್ತಿತ್ತು. ಒಸಡಿನ ಊತ ಇಳಿದ ಮೇಲೆ ಸ್ವಲ್ಪ ಸಡಿಲವಿದ್ದ ಹಲ್ಲು ಎಷ್ಟೋ ಸಲ ಮತ್ತೆ ಗಟ್ಟಿಯಾಗುವುದೂ ಉಂಟು.

ಮಿಷನ್ನು ಸೆಕೆಂಡಿಗೆ 25 ಸಾವಿರಕ್ಕೂ ಹೆಚ್ಚು ಸಲ ಕಂಪಿಸುತ್ತದೆ, ಆ ಕಂಪನಕ್ಕೆ ಕಲ್ಲು ಒಡೆದು ಉದುರುತ್ತದೆ. ಅದು ಹಲ್ಲನ್ನು ತುರಿಯುವ ಯಂತ್ರವಲ್ಲ. ಬಿಸಿಯಾಗದಿರಲಿ ಅಂತ ನೀರು ಚಿಮ್ಮುತ್ತಿರುತ್ತದೆ, ಮೂಗಿನಲ್ಲಿ ಉಸಿರಾಡಿ. ಆಮೇಲೆ ಕೆಲವು ದಿನ ತಣ್ಣೀರಿಗೆ ಜುಮ್ ಅನ್ನುತ್ತದೆ, ಸ್ವಲ್ಪ ರಕ್ತ ಬರಬಹುದು. ಒಂದು ವಾರ ದಾಟಿಯೂ ಕಡಿಮೆಯಾಗದಿದ್ದರೆ ಹೋಗಿ ತೋರಿಸಿ.

ಕ್ಲೀನಿಂಗ್ ಮಾಡಿಸಿದೆ, ಹಲ್ಲು ಬೆಳ್ಳಗೇ ಆಗ್ಲಿಲ್ಲ. ದುಡ್ಡು ದಂಡ ಆಯ್ತಾ?

ಇಲ್ಲ. ಕಲ್ಲು ಹೋಗುತ್ತದೆ, ಕಾಫಿ-ಟೀ-ಎಲೆಅಡಿಕೆಯ ಕಲೆ ಹೋಗುತ್ತದೆ. ಹಲ್ಲಿನ ಹುಟ್ಟುಬಣ್ಣ ಹೋಗುವುದಿಲ್ಲ. ಬೆಳ್ಳಗೆ ಮಾಡುವುದು ಬೇರೆಯದೇ ಚಿಕಿತ್ಸೆ, ಅದು ಆರೋಗ್ಯಕ್ಕೆ ಬೇಕಾದದ್ದಲ್ಲ, ಚಂದಕ್ಕೆ ಮಾತ್ರ.

ಒಸಡಿಗೆ ಏನೋ ಚುಚ್ಚುತ್ತಾ ಎರಡು, ಮೂರು, ಐದು ಅಂತ ಎಣಿಸಿದ್ರು. ಅದೇನು?

ಹಲ್ಲಿಗೂ ಒಸಡಿಗೂ ಮಧ್ಯೆ ಇರುವ ಸಂದಿಯ ಆಳ ಅಳೆದದ್ದು. ಆ ಕಡ್ಡಿಯ ಮೇಲೆ ಮಿಲಿಮೀಟರ್ ಗುರುತು ಇರುತ್ತದೆ. 1ರಿಂದ 3 ಸರಿ. 4 ಅಂದರೆ ಹುಷಾರು. 5, 6 ಅಂದರೆ ಅಷ್ಟು ಆಳಕ್ಕೆ ನಿಮ್ಮ ಬ್ರಷ್ಷು ಹೋಗುವುದಿಲ್ಲ, ಒಸಡಿನ ಒಳಗಿನಿಂದ ಕ್ಲೀನ್ ಮಾಡಬೇಕಾಗುತ್ತದೆ. ಇದನ್ನು ಅಳೆಯದೆ ಒಸಡು ಚೆನ್ನಾಗಿದೆ ಅನ್ನುವುದು ಕಷ್ಟ. ಹಾಗಾಗಿ ಯಾರೂ ಅಳೆಯದಿದ್ದರೆ ನೀವೇ ಕೇಳಿ.

ಎಕ್ಸ್-ರೇ ಪ್ರತಿ ಸಲ ಬೇಕಾ? ರೇಡಿಯೇಷನ್ ಭಯ

ಪ್ರತಿ ಸಲ ಬೇಡ. ಎರಡು ಹಲ್ಲುಗಳ ಮಧ್ಯೆ ಇರುವ ಹುಳುಕು, ಬೇರಿನ ತುದಿಯ ಕೀವು, ಮೂಳೆಯ ಮಟ್ಟ ಇವು ಕಣ್ಣಿಗೆ ಕಾಣುವುದಿಲ್ಲ, ಅನುಮಾನವಿದ್ದಾಗ ಎಕ್ಸ್-ರೇ ಬೇಕು. ಬಾಯಿಯೊಳಗೆ ಇಟ್ಟು ತೆಗೆಯುವ ಚಿಕ್ಕ ಎಕ್ಸ್-ರೇಯಲ್ಲಿ ಬರುವ ವಿಕಿರಣ ಸುಮಾರು 5 ಮೈಕ್ರೋಸೀವರ್ಟ್ ಅಥವಾ ಅದಕ್ಕೂ ಕಡಿಮೆ. ಮಣ್ಣು, ಕಲ್ಲು, ಆಕಾಶದಿಂದ ನಮಗೆ ದಿನಾ ಸುಮ್ಮನೆ ಬೀಳುವುದೇ ಹೆಚ್ಚುಕಡಿಮೆ ಅಷ್ಟಿದೆ. ತಲೆಸುತ್ತ ತಿರುಗಿ ಪೂರ್ತಿ ದವಡೆ ತೆಗೆಯುವ ಓಪಿಜಿಗೆ ಇದಕ್ಕಿಂತ ಕೆಲವು ಪಟ್ಟು ಜಾಸ್ತಿ. ಭಯಪಡುವ ಮಟ್ಟದ್ದಲ್ಲ. ಆದರೆ ಏನನ್ನು ನೋಡಲು ತೆಗೆಯುತ್ತಿದ್ದೀರಿ ಅಂತ ಕೇಳಿ, ಅದಕ್ಕೆ ಉತ್ತರ ಇರಬೇಕು. ಬಂದವರಿಗೆಲ್ಲ ಬಾಗಿಲಲ್ಲೇ ಓಪಿಜಿ ತೆಗೆಯುವ ಪದ್ಧತಿ ನನಗೆ ಇಷ್ಟವಿಲ್ಲ.

ಸಾಮಾನೆಲ್ಲ ಕ್ಲೀನಾಗಿದೆಯಾ ಅಂತ ಕೇಳಿದ್ರೆ ಬೇಜಾರ್ ಮಾಡ್ಕೊಳ್ತಾರಾ?

ಬೇಜಾರಾದರೆ ಆಗಲಿ, ಕೇಳಿ. ಆಟೋಕ್ಲೇವ್ ಅನ್ನುವ ಯಂತ್ರದಲ್ಲಿ ಒತ್ತಡದ ಹಬೆಯಲ್ಲಿ 121 ಡಿಗ್ರಿಯಲ್ಲಿ 15 ನಿಮಿಷವೋ, 134 ಡಿಗ್ರಿಯಲ್ಲಿ ಇನ್ನೂ ಕಡಿಮೆ ಹೊತ್ತೋ ಸಾಮಾನನ್ನು ಇಡುತ್ತೇವೆ. ಬಿಸಿನೀರಲ್ಲಿ ಕುದಿಸುವುದು ಇದಕ್ಕೆ ಸಮವಲ್ಲ. ಸಾಮಾನು ಸೀಲ್ ಮಾಡಿದ ಪೌಚಿನಲ್ಲಿದ್ದು, ನಿಮ್ಮ ಎದುರೇ ಹರಿದರೆ ಒಳ್ಳೆಯದು. ಪೌಚಿನ ಮೇಲೆ ಬಣ್ಣ ಬದಲಾಗುವ ಗುರುತು ಇರುತ್ತದೆ. ಗ್ಲೌಸ್ ಹಾಕಿಕೊಂಡೇ ಫೋನ್ ಎತ್ತಿ, ಅದೇ ಗ್ಲೌಸಿನಲ್ಲಿ ಬಾಯಿಗೆ ಕೈ ಹಾಕಲು ಬಂದರೆ ಬದಲಾಯಿಸಿ ಅನ್ನಿ.

## ಮಕ್ಕಳ ಹಲ್ಲು

ಹಾಲುಹಲ್ಲು ಹೇಗೂ ಬಿದ್ದೋಗುತ್ತೆ. ಅದನ್ನ ತೋರಿಸೋದ್ಯಾಕೆ?

ಮುಂದಿನ ಹಾಲುಹಲ್ಲು 6-7 ವರ್ಷಕ್ಕೆ ಬೀಳುತ್ತವೆ, ಸರಿ. ಹಿಂದಿನ ದವಡೆ ಹಲ್ಲುಗಳು 10ರಿಂದ 12ರವರೆಗೆ ಇರಬೇಕು. ಅವು ಹುಳುಕಾಗಿ ಬೇಗ ಕಿತ್ತರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲಿ, ಕೆಳಗಿಂದ ಬರುವ ಹಲ್ಲಿಗೆ ದಾರಿ ಇರುವುದಿಲ್ಲ. ಆಮೇಲೆ ಕ್ಲಿಪ್ಪಿಗೆ ಸಾವಿರಾರು ರೂಪಾಯಿ.

ಇನ್ನೊಂದು ವಿಷಯ ಬಹಳ ಮನೆಗಳಲ್ಲಿ ತಪ್ಪಿಹೋಗುತ್ತದೆ. ಸುಮಾರು 6 ವರ್ಷಕ್ಕೆ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆ, ಸದ್ದಿಲ್ಲದೆ ಒಂದು ದೊಡ್ಡ ದವಡೆ ಹಲ್ಲು ಹುಟ್ಟುತ್ತದೆ. ಬೀಳದೆ ಬಂದದ್ದರಿಂದ ಅಪ್ಪ-ಅಮ್ಮ ಅದನ್ನೂ ಹಾಲುಹಲ್ಲು ಅಂದುಕೊಳ್ಳುತ್ತಾರೆ. ಅದು ಜೀವನ ಪೂರ್ತಿ ಇರಬೇಕಾದ ಹಲ್ಲು. ಒಂಬತ್ತು ಹತ್ತು ವರ್ಷಕ್ಕೇ ಅದನ್ನು ರೂಟ್ ಕೆನಾಲ್ ಮಟ್ಟಕ್ಕೆ ತಂದಿರುವ ಮಕ್ಕಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅದರ ಗೀರುಗಳು ಆಳವಾಗಿದ್ದರೆ ಸೀಲಂಟ್ ಅಂತ ಒಂದು ತೆಳು ಪದರ ಹಾಕಿ ಮುಚ್ಚಬಹುದು. ಡ್ರಿಲ್ ಬೇಡ, ನೋವಿಲ್ಲ.

ಮೊದಲ ಚೆಕಪ್ ಮಗುವಿನ ಮೊದಲ ಹುಟ್ಟುಹಬ್ಬದ ಹೊತ್ತಿಗೆ. ಅಷ್ಟು ಬೇಗಾನಾ ಅಂತ ಎಲ್ಲರೂ ಕೇಳುತ್ತಾರೆ. ಅವತ್ತು ಮಗುವಿಗಿಂತ ಅಮ್ಮನ ಜೊತೆಗೇ ಜಾಸ್ತಿ ಮಾತು: ಬಾಟ್ಲಿ ಬಾಯಲ್ಲಿಟ್ಟು ಮಲಗಿಸಬೇಡಿ, ಹಾಲಿಗೆ ಸಕ್ಕರೆ ಹಾಕಬೇಡಿ ಅಂತ.

ಮಗೂಗೆ ಯಾವ ಪೇಸ್ಟ್? ನಮ್ಮೂರ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಅಂತಾರೆ

ಪಾವಗಡ, ಮುಂಡರಗಿ, ಕೋಲಾರ, ಚಿಕ್ಕಬಳ್ಳಾಪುರ, ರಾಯಚೂರು, ಕೊಪ್ಪಳದ ಕಡೆಯವರು ಇದನ್ನು ಕೇಳುವುದು ಸರಿಯೇ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಮಿನೊಳಗೆ ಇರಬೇಕು, ಬೇರೆ ಗತಿಯಿಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಅನ್ನುತ್ತದೆ ನಮ್ಮ ದೇಶದ ಮಾನದಂಡ. ಅದನ್ನು ಮೀರಿದ ನೀರನ್ನು ಹಲ್ಲು ಒಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು 8 ವರ್ಷದವರೆಗೆ, ಕುಡಿದರೆ ಹಲ್ಲಿನ ಮೇಲೆ ಬಿಳಿ ಮಚ್ಚೆ, ಕಂದು ಕಲೆ ಬರುತ್ತವೆ. ಅದು ಕೊಳೆಯಲ್ಲ, ಉಜ್ಜಿದರೆ ಹೋಗುವುದಿಲ್ಲ. ಸರಿಯಾಗಿ ಉಜ್ಜಲ್ಲ ಅಂತ ಆ ಮಕ್ಕಳಿಗೆ ಬೈಯುವುದನ್ನು ಮೊದಲು ನಿಲ್ಲಿಸಬೇಕು.

ಇದಕ್ಕೆ ಮದ್ದು ನೀರಿನಲ್ಲಿದೆ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಅದರ ಪ್ರಮಾಣ ಇನ್ನೂ ಜಾಸ್ತಿಯಾಗುತ್ತದೆ ಅಷ್ಟೇ. ಆರ್‌ಓ ಘಟಕದ ನೀರನ್ನೋ ನದಿಮೂಲದ ನೀರನ್ನೋ ಕುಡಿಯಲು, ಅಡುಗೆಗೆ ಬಳಸಿ. ಪೇಸ್ಟಿನ ಫ್ಲೋರೈಡು ಬೇರೆ ಲೆಕ್ಕ, ಅದು ಹಲ್ಲಿಗೆ ಹೊರಗಿನಿಂದ ಹುಳುಕು ತಡೆಯುತ್ತದೆ, ನುಂಗದಿದ್ದರೆ ಸಾಕು. 3 ವರ್ಷದೊಳಗೆ ಅಕ್ಕಿಕಾಳಿನಷ್ಟು, 3ರಿಂದ 6ರವರೆಗೆ ಬಟಾಣಿಯಷ್ಟು ಪೇಸ್ಟು. ಜಾಹೀರಾತಿನಲ್ಲಿ ಬ್ರಷ್ ಉದ್ದಕ್ಕೂ ಹಾಕುವುದು ಪೇಸ್ಟ್ ಬೇಗ ಖರ್ಚಾಗಲಿ ಅಂತ. ನೀವು ಫ್ಲೋರೈಡ್ ಜಾಸ್ತಿಯಿರುವ ಊರಿನವರಾದರೆ ಚೆಕಪ್ಪಿನಲ್ಲಿ ಅದನ್ನು ಹೇಳಿ, ಚಿಕ್ಕ ಮಗುವಿಗೆ ಯಾವ ಪೇಸ್ಟ್ ಅನ್ನುವುದನ್ನು ಡಾಕ್ಟರು ನೋಡಿ ಹೇಳಲಿ.

ಮಗ ಬಾಯೇ ತೆಗೆಯಲ್ಲ, ಕಿರುಚ್ತಾನೆ

ಚಿಕ್ಕವನಾದರೆ ನಿಮ್ಮ ತೊಡೆಯ ಮೇಲೇ ಮಲಗಿಸಿಕೊಂಡು ನೋಡುತ್ತಾರೆ, ಅತ್ತರೆ ಬಾಯಿ ತಾನಾಗೇ ತೆರೆದಿರುತ್ತದೆ. ಮನೆಯಲ್ಲಿ "ಹಟ ಮಾಡಿದ್ರೆ ಡಾಕ್ಟ್ರ ಹತ್ರ ಸೂಜಿ ಚುಚ್ಚಿಸ್ತೀನಿ" ಅಂತ ಹೆದರಿಸುವುದನ್ನು ಮಾತ್ರ ದಯವಿಟ್ಟು ಬಿಡಿ.

## ಮನೆಮಾತು, ಮನೆಮದ್ದು

ನಮ್ಮಜ್ಜಿ ಇದ್ದಿಲು-ಉಪ್ಪಲ್ಲೇ ಉಜ್ಜಿದ್ರು, ಕೊನೇವರೆಗೂ ಕಬ್ಬು ಸಿಗೀತಿದ್ರು. ನಮಗ್ಯಾಕೆ ಇದೆಲ್ಲ?

ಅಜ್ಜಿ ದಿನಕ್ಕೆ ಎಷ್ಟು ಬಿಸ್ಕತ್ತು ತಿನ್ನುತ್ತಿದ್ದರು? ಎಷ್ಟು ಸಲ ಸಕ್ಕರೆ ಕಾಫಿ ಕುಡಿಯುತ್ತಿದ್ದರು? ಅಜ್ಜಿಯ ಹಲ್ಲು ಉಳಿದದ್ದರಲ್ಲಿ ಇದ್ದಿಲಿಗಿಂತ ಊಟದ ಪಾಲು ಜಾಸ್ತಿ. ರಾಗಿಮುದ್ದೆ, ಜೋಳದ ರೊಟ್ಟಿ ತಿಂದು, ಊಟದ ಮಧ್ಯೆ ಬಾಯಾಡಿಸದೆ ಇದ್ದವರು ಅವರು. ಹುಳುಕಿನ ಕ್ರಿಮಿಗಳಿಗೆ ಸಕ್ಕರೆ ಎಷ್ಟು ಅನ್ನುವುದಕ್ಕಿಂತ ಎಷ್ಟು ಸಲ ಅನ್ನುವುದು ಮುಖ್ಯ. ಇದ್ದಿಲು, ಇಟ್ಟಿಗೆ ಪುಡಿ, ಮರಳು ಎಲ್ಲ ಹಲ್ಲನ್ನು ಸವೆಸುತ್ತವೆ, ಒಮ್ಮೆ ಸವೆದ ಎನಾಮಲ್ ಮತ್ತೆ ಬರುವುದಿಲ್ಲ. ಬೇವಿನ ಕಡ್ಡಿಗೆ ನನ್ನ ವಿರೋಧವಿಲ್ಲ, ಆದರೆ ಅದು ದವಡೆ ಹಲ್ಲಿನ ಹಿಂದಕ್ಕೆ ತಲುಪುವುದಿಲ್ಲ. ಕಡ್ಡಿಪುಡಿಯಿಂದ, ತಂಬಾಕಿನ ಪುಡಿಯಿಂದ ಒಸಡು ತಿಕ್ಕುವ ಅಭ್ಯಾಸವಿದ್ದರೆ ಅದು ಹಲ್ಲುಜ್ಜುವುದಲ್ಲ, ತಂಬಾಕಿನ ಚಟವೇ.

ಜಾತ್ರೇಲಿ ಒಬ್ರು ಹೊಗೆ ಹಾಕಿ ಹಲ್ಲಿಂದ ಹುಳ ತೆಗೆದು ತೋರಿಸಿದ್ರು. ಕಣ್ಣಾರೆ ನೋಡಿದೀನಿ

ಕೈಚಳಕ. ಹುಳುಕು ಹಲ್ಲಿನಲ್ಲಿ ಕಣ್ಣಿಗೆ ಕಾಣುವ ಹುಳ ಇರುವುದಿಲ್ಲ, ಕಾಣದಷ್ಟು ಚಿಕ್ಕ ಬ್ಯಾಕ್ಟೀರಿಯಾ ಇರುತ್ತವೆ.

ಮೇಲಿನ ಹಲ್ಲು ಕೀಳಿಸಿದ್ರೆ ಕಣ್ಣು ಮಂಜಾಗುತ್ತಾ?

ಇಲ್ಲ. ದೃಷ್ಟಿಯ ನರವೇ ಬೇರೆ, ಹಲ್ಲಿನ ನರವೇ ಬೇರೆ. ಹಲ್ಲು ಹೋಗುವ ವಯಸ್ಸೂ ಕಣ್ಣು ಮಂಜಾಗುವ ವಯಸ್ಸೂ ಒಂದೇ ಆದ್ದರಿಂದ ಈ ಮಾತು ಗಟ್ಟಿಯಾಗಿ ನಿಂತಿದೆ. ಮೇಲಿನ ಹಲ್ಲಿನಲ್ಲಿ ಕೀವಾಗಿ ಕೆನ್ನೆ, ಕಣ್ಣಿನವರೆಗೂ ಊದುವುದು ಮಾತ್ರ ನಿಜಕ್ಕೂ ಅಪಾಯ. ಹೆದರಬೇಕಾದ್ದು ಹಲ್ಲು ಕೀಳಿಸುವುದಕ್ಕಲ್ಲ, ಕೀಳಿಸದೆ ಬಿಡುವುದಕ್ಕೆ.

ನಾನು ತಂಬಾಕು ಹಾಕಲ್ಲ, ಬರೀ ಅಡಿಕೆ. ಚೆಕಪ್ಪಲ್ಲಿ ಅದಕ್ಕೇನು ನೋಡ್ತಾರೆ?

ಅಡಿಕೆ ಬೆಳೆಯುವ ನಾಡಿನಲ್ಲಿ ಕೂತು ಇದನ್ನು ಹೇಳುವುದು ಕಷ್ಟ, ಆದರೂ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ತಂಬಾಕಿಲ್ಲದ ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಹಬ್ಬಕ್ಕೋ ಮದುವೆ ಊಟಕ್ಕೋ ಹಾಕುವ ಒಂದು ಬೀಡ ನನ್ನ ತಲೆನೋವಲ್ಲ. ದಿನಾ ದವಡೆಯಲ್ಲಿ ಒತ್ತಿಟ್ಟುಕೊಳ್ಳುವ ಅಡಿಕೆ, ಪಾನ್ ಮಸಾಲಾ, ರಾಜ್ಯದಲ್ಲಿ 2013ರಲ್ಲಿ ನಿಷೇಧವಾದ ಮೇಲೂ ಬೇರೆ ಬೇರೆ ಪೊಟ್ಟಣದಲ್ಲಿ ಸಿಗುವ ಗುಟ್ಕಾ, ಇವು ತಲೆನೋವು.

ಮೊದಲ ಗುರುತು ಏನು ಗೊತ್ತಾ? ಮುಂಚೆ ತಿನ್ನುತ್ತಿದ್ದ ಖಾರದ ಚಟ್ನಿಯೇ ಈಗ ಬಾಯಿ ಉರಿಸುತ್ತದೆ. ಕೆನ್ನೆಯ ಒಳಭಾಗ ಬಿಳಿಚಿ, ಒಳಗೆ ಹಗ್ಗದ ಹಾಗೆ ಗಟ್ಟಿಯಾಗುತ್ತದೆ. ಬಾಯಿ ತೆರೆಯುವುದು ನಿಧಾನವಾಗಿ ಕಡಿಮೆಯಾಗುತ್ತದೆ. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಮುಂದಿನ ಹಲ್ಲುಗಳ ಮಧ್ಯೆ ಹೋಗುತ್ತದಾ ನೋಡಿ. ಎರಡೇ ಹೋದರೆ ಚೆಕಪ್ಪಿಗೆ ಆರು ತಿಂಗಳು ಕಾಯಬೇಡಿ. ಈ ಗಟ್ಟಿತನ ಪೂರ್ತಿ ವಾಪಸ್ ಹೋಗುವುದಿಲ್ಲ, ಅಡಿಕೆ ನಿಲ್ಲಿಸಿದರೆ ಮುಂದುವರಿಯುವುದನ್ನು ತಡೆಯಬಹುದು.

ಜೊತೆಗೆ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ನಾಲಿಗೆ ಅಂಚಿನ ಗಂಟು ಇವನ್ನೆಲ್ಲ ನೋಡುತ್ತೇವೆ. ನೋವಿಲ್ಲದ ಹುಣ್ಣು ಅಂತ ಸುಮ್ಮನಿರಬೇಡಿ, ಶುರುವಿನ ಕ್ಯಾನ್ಸರ್ ಎಷ್ಟೋ ಸಲ ನೋಯುವುದೇ ಇಲ್ಲ. ಒಂದು ಚೂರು ತೆಗೆದು ಬಯಾಪ್ಸಿಗೆ ಕಳಿಸೋಣ ಅಂದರೆ ಒಪ್ಪಿಕೊಳ್ಳಿ. ಚೂರು ತೆಗೆದರೆ ಕ್ಯಾನ್ಸರ್ ಹರಡುತ್ತೆ ಅನ್ನುವ ಮಾತು ಸುಳ್ಳು, ಅದನ್ನು ನಂಬಿ ತಡಮಾಡಿದವರು ಬಹಳ.

## ದುಡ್ಡು ಮತ್ತು ನಂಬಿಕೆ

ಎಷ್ಟು ಖರ್ಚಾಗುತ್ತೆ? ಕಡಿಮೇಲಿ ಎಲ್ಲಿ ಆಗುತ್ತೆ?

ಖಾಸಗಿ ಕ್ಲಿನಿಕ್ಕಿನಲ್ಲಿ ನೋಡುವುದಕ್ಕೆ ಸಾಮಾನ್ಯವಾಗಿ 200ರಿಂದ 500, ಕ್ಲೀನಿಂಗಿಗೆ ಚಿಕ್ಕ ಊರಲ್ಲಿ 600-1000, ಬೆಂಗಳೂರಿನಲ್ಲಿ 1500-2000 ಅಥವಾ ಅದಕ್ಕೂ ಮೇಲೆ. ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯ ಪ್ರಕಾರ ಕ್ಲಿನಿಕ್ಕು ನೋಂದಣಿಯಾಗಿರಬೇಕು, ದರಪಟ್ಟಿಯನ್ನೂ ಕಾಣುವ ಹಾಗೆ ಹಾಕಬೇಕು. ಕೇಳುವುದರಲ್ಲಿ ಸಂಕೋಚ ಬೇಡ.

ಕಡಿಮೆ ದುಡ್ಡಿಗೆ ಒಳ್ಳೇ ಕೆಲಸ ಬೇಕಾದರೆ ಡೆಂಟಲ್ ಕಾಲೇಜಿಗೆ ಹೋಗಿ. ಬೆಂಗಳೂರಲ್ಲಿ ವಿಕ್ಟೋರಿಯಾ ಆಸ್ಪತ್ರೆ ಆವರಣದ ಸರ್ಕಾರಿ ದಂತ ಕಾಲೇಜು ಇದೆ. ಮಂಗಳೂರು, ಮಣಿಪಾಲ, ದಾವಣಗೆರೆ, ಧಾರವಾಡ, ಬೆಳಗಾವಿ, ಮೈಸೂರಿನಲ್ಲಿ ಖಾಸಗಿ ಕಾಲೇಜುಗಳಿವೆ. ವಿದ್ಯಾರ್ಥಿ ಮಾಡಿದ್ದನ್ನು ಮೇಷ್ಟ್ರು ಪ್ರತಿ ಹಂತದಲ್ಲೂ ನೋಡಿ ಸಹಿ ಹಾಕುತ್ತಾರೆ. ಹಣ ಉಳಿಯುತ್ತದೆ, ಹೊತ್ತು ಹೋಗುತ್ತದೆ. ಅರ್ಧ ದಿನ ಇಟ್ಟುಕೊಂಡು ಹೋಗಿ. ತಾಲ್ಲೂಕು ಆಸ್ಪತ್ರೆಯಲ್ಲೂ ಹಲ್ಲಿನ ವಿಭಾಗ ಇರುತ್ತದೆ, ಅಲ್ಲಿಗೆ ಹಲ್ಲು ಕೀಳಿಸಲು ಮಾತ್ರ ಹೋಗಬೇಕು ಅಂತೇನಿಲ್ಲ.

ಹೆಲ್ತ್ ಇನ್ಶೂರೆನ್ಸ್ ಇದೆ. ಕವರ್ ಆಗುತ್ತಾ?

ಮಾಮೂಲಿ ಪಾಲಿಸಿಯಲ್ಲಿ ಆಗಲ್ಲ. ಅಪಘಾತದಲ್ಲಿ ದವಡೆ, ಹಲ್ಲು ಮುರಿದು ಆಸ್ಪತ್ರೆ ಸೇರಿದರೆ ಕೊಡುತ್ತಾರೆ. ಆಫೀಸಿನ ಪಾಲಿಸಿಯಲ್ಲಿ ಹೊರರೋಗಿ ಖರ್ಚು ಸೇರಿದೆಯಾ ಅಂತ ಎಚ್‌ಆರ್‌ನವರನ್ನು ಕೇಳಿ.

ಒಂದ್ ಹಲ್ಲು ತೋರಿಸೋಕೆ ಹೋದೆ. ಆರು ಫಿಲ್ಲಿಂಗ್, ಎರಡು ರೂಟ್ ಕೆನಾಲ್ ಅಂದ್ರು. ನಂಬೋದಾ?

ನಿಜವೂ ಇರಬಹುದು, ಉತ್ಪ್ರೇಕ್ಷೆಯೂ ಇರಬಹುದು. ಹತ್ತು ವರ್ಷ ಹೋಗದೆ ಇದ್ದ ಬಾಯಲ್ಲಿ ಆರು ಹುಳುಕು ಸಿಗುವುದು ಆಶ್ಚರ್ಯವಲ್ಲ. ಹೋದ ವರ್ಷ ಎಲ್ಲ ಸರಿ ಅಂದಿದ್ದ ಬಾಯಲ್ಲಿ ಈಗ ಆರು ಅಂದರೆ ಮಾತ್ರ ನಿಂತು ಯೋಚಿಸಿ.

ಒಂದೇ ಮಾತು ಕಲಿತುಕೊಳ್ಳಿ: ತೋರಿಸಿ. ಕೈಗನ್ನಡಿ ಕೊಡಿ, ಫೋಟೋ ತೆಗೆಯಿರಿ, ಎಕ್ಸ್-ರೇಯಲ್ಲಿ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಿ. ದವಡೆ ಹಲ್ಲಿನ ಗೀರಿನಲ್ಲಿ ಕಪ್ಪು ಗೆರೆ ಕಂಡ ಮಾತ್ರಕ್ಕೆ ಅದು ಹುಳುಕಲ್ಲ, ವರ್ಷಗಟ್ಟಲೆ ಹಾಗೇ ಇರುವ ಕಲೆಯೂ ಆಗಿರಬಹುದು. ಎನಾಮಲ್‌ನಲ್ಲೇ ಇರುವ, ಗುಂಡಿಯಾಗದ ಬಿಳಿ ಮಚ್ಚೆಯನ್ನು ಫ್ಲೋರೈಡ್ ಹಚ್ಚಿ, ಬಾಯಾಡಿಸುವುದು ಕಡಿಮೆ ಮಾಡಿ ಅಲ್ಲೇ ನಿಲ್ಲಿಸಬಹುದು. ರೂಟ್ ಕೆನಾಲ್ ಅಂದರೆ ಎಕ್ಸ್-ರೇ ಇಲ್ಲದೆ ಒಪ್ಪಬೇಡಿ. ಆಮೇಲೆ ಕೇಳಿ: ಯಾವುದು ಈ ತಿಂಗಳೇ ಆಗಬೇಕು, ಯಾವುದು ಕಾಯಬಹುದು, ಏನೂ ಮಾಡದಿದ್ದರೆ ಏನಾಗುತ್ತೆ? ಪ್ರಾಮಾಣಿಕ ಡಾಕ್ಟರಿಗೆ ಈ ಮೂರು ಪ್ರಶ್ನೆಯಿಂದ ಕೋಪ ಬರುವುದಿಲ್ಲ. "ಇವತ್ತೇ ಮಾಡಿಸಿದ್ರೆ ಡಿಸ್ಕೌಂಟು" ಅನ್ನುವವರ ಹತ್ತಿರ, ನೋವಿಲ್ಲದಿದ್ದರೆ, ನಾಳೆ ಬರ್ತೀನಿ ಅಂತ ಎದ್ದು ಬನ್ನಿ. ಎಕ್ಸ್-ರೇ ತೆಗೆದುಕೊಂಡು ಇನ್ನೊಬ್ಬರ ಹತ್ತಿರ ಹೋಗಿ. ಮೊದಲನೆಯವರು ಹೇಳಿದ್ದನ್ನು ಎರಡನೆಯವರಿಗೆ ಮೊದಲೇ ಹೇಳಬೇಡಿ.

ಬುದ್ಧಿಹಲ್ಲಿಗೂ ಇದೇ ಮಾತು. ಅಡ್ಡಕ್ಕೆ ಮಲಗಿ ಪದೇ ಪದೇ ಊದುತ್ತಿದ್ದರೆ, ಪಕ್ಕದ ಹಲ್ಲನ್ನು ಹಾಳುಮಾಡುತ್ತಿದ್ದರೆ ತೆಗೆಸಿ. ನೆಟ್ಟಗೆ ಬಂದು ಸುಮ್ಮನಿದ್ದರೆ ಅದರ ಪಾಡಿಗೆ ಇರಲಿ.

ನಾವು ಅಮೆರಿಕಾದಲ್ಲಿದೀವಿ. ಊರಿಗೆ ಬಂದಾಗ ಎಲ್ಲ ಒಟ್ಟಿಗೆ ಮಾಡಿಸ್ಕೊಳ್ಬಹುದಾ?

ಚೆಕಪ್ಪು, ಕ್ಲೀನಿಂಗು, ಫಿಲ್ಲಿಂಗು ಧಾರಾಳವಾಗಿ ಆಗುತ್ತದೆ. ತಪ್ಪು ಆಗುವುದು ಒಂದೇ ಕಡೆ: ಮೂರು ವಾರ ಮದುವೆ, ಮುಂಜಿ, ಧರ್ಮಸ್ಥಳ ಎಲ್ಲ ಮುಗಿಸಿ ವಿಮಾನದ ಹಿಂದಿನ ದಿನ ಬರುತ್ತೀರಿ. ಬಂದ ಮೊದಲ ವಾರವೇ ತೋರಿಸಿ. ರೂಟ್ ಕೆನಾಲ್ ಮತ್ತು ಕ್ಯಾಪಿಗೆ ಒಂದೆರಡು ವಾರ ಕೈಯಲ್ಲಿರಲಿ. ಇಂಪ್ಲಾಂಟ್, ಅಂದರೆ ಮೂಳೆಗೆ ಸ್ಕ್ರೂ ಕೂರಿಸಿ ಕಟ್ಟುವ ಹಲ್ಲು ಆದರೆ, ಸ್ಕ್ರೂ ಹಾಕಿದ ಮೇಲೆ ಮೂಳೆ ಹಿಡಿಯಲು ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು, ಒಂದು ರಜೆಯಲ್ಲಿ ಮುಗಿಯುವುದು ಕಡಿಮೆ. ಹೋಗುವಾಗ ಎಕ್ಸ್-ರೇ, ಇಂಪ್ಲಾಂಟಿನ ಕಂಪನಿ ಹೆಸರು, ಅಳತೆ ಬರೆಸಿಕೊಂಡು ಹೋಗಿ. ಅಲ್ಲಿ ಏನಾದರೂ ಆದರೆ ಅಲ್ಲಿಯ ಡಾಕ್ಟರು ಮೊದಲು ಕೇಳುವುದೇ ಅದನ್ನು. ನಿಮ್ಮ ಅಲ್ಲಿಯ ಇನ್ಶೂರೆನ್ಸಿನಲ್ಲಿ ವರ್ಷಕ್ಕೆರಡು ಕ್ಲೀನಿಂಗ್ ಸೇರಿದ್ದರೆ ಅದನ್ನು ಬಿಟ್ಟು ಇಲ್ಲಿ ಯಾಕೆ ದುಡ್ಡು ಕೊಡುತ್ತೀರಿ?

## ಬೇರೆ ಕಾಯಿಲೆ, ಬೇರೆ ಪರಿಸ್ಥಿತಿ

ಶುಗರ್ ಇದೆ. ಹಲ್ಲು ಮುಟ್ಟಿಸ್ಬಾರ್ದು ಅಂತಾರೆ

ಉಲ್ಟಾ. ಶುಗರ್ ಇದ್ದವರಿಗೇ ಚೆಕಪ್ ಜಾಸ್ತಿ ಬೇಕು. ಶುಗರ್ ಹತೋಟಿ ತಪ್ಪಿದರೆ ಒಸಡಿನ ಕಾಯಿಲೆ ಬೇಗ ಬೆಳೆಯುತ್ತದೆ, ಒಸಡಿನಲ್ಲಿ ಸೋಂಕಿದ್ದರೆ ಶುಗರ್ ಹತೋಟಿಗೆ ಬರುವುದು ಕಷ್ಟ. ತಿಂಡಿ ತಿಂದು, ಮಾತ್ರೆ ಅಥವಾ ಇನ್ಸುಲಿನ್ ಎಂದಿನಂತೆ ತೆಗೆದುಕೊಂಡು ಬೆಳಗಿನ ಹೊತ್ತು ಬನ್ನಿ. ಮೂರು ತಿಂಗಳ ಸರಾಸರಿಯ ರಿಪೋರ್ಟು, ಅಂದರೆ ಎಚ್‌ಬಿಎ1ಸಿ, ತನ್ನಿ.

ಹಾರ್ಟಿಗೆ ಸ್ಟೆಂಟ್ ಹಾಕಿದಾರೆ, ರಕ್ತ ತೆಳು ಮಾಡೋ ಮಾತ್ರೆ ಇದೆ. ನಿಲ್ಲಿಸಿ ಬರ್ಲಾ?

ನೀವಾಗೇ ನಿಲ್ಲಿಸಬೇಡಿ. ಹಲ್ಲಿನ ರಕ್ತವನ್ನು ಒತ್ತಿ ಹಿಡಿದು ನಿಲ್ಲಿಸಬಹುದು, ಮಾತ್ರೆ ಬಿಟ್ಟು ಸ್ಟೆಂಟ್ ಮುಚ್ಚಿಕೊಂಡರೆ ಜೀವಕ್ಕೇ ಬರುತ್ತದೆ. ವಾರ್ಫರಿನ್ ನಂಥ ಮಾತ್ರೆಯಾದರೆ ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಅಂತ ಹೇಳುವ ಹೊಸ ಐಎನ್‌ಆರ್ ರಿಪೋರ್ಟ್ ತನ್ನಿ. ಹೃದಯದ ಕವಾಟ ಬದಲಾಯಿಸಿದ್ದರೆ ಕ್ಲೀನಿಂಗಿಗೂ ಮುಂಚೆ ಆ್ಯಂಟಿಬಯೋಟಿಕ್ ಬೇಕಾಗುತ್ತದೆ, ಅದಕ್ಕೇ ಮೊದಲು ಎಲ್ಲ ಕೇಳುವುದು. ಮೂಳೆ ಸವೆತಕ್ಕೆ ವಾರಕ್ಕೊಂದು ಮಾತ್ರೆ ಅಥವಾ ವರ್ಷಕ್ಕೊಂದು ಇಂಜೆಕ್ಷನ್ ತೆಗೆದುಕೊಳ್ಳುವವರೂ ಹೇಳಬೇಕು. ಅಂಥವರಲ್ಲಿ ಹಲ್ಲು ಕಿತ್ತ ಜಾಗದ ಮೂಳೆ ಮಾಯದೆ ಉಳಿಯುವ ಅಪಾಯ, ಅಪರೂಪಕ್ಕಾದರೂ, ಇದೆ.

ಐದು ತಿಂಗಳ ಗರ್ಭಿಣಿ. ಹೋಗ್ಬಹುದಾ?

ಹೋಗಲು ಇದೇ ಒಳ್ಳೇ ಸಮಯ. 4ರಿಂದ 6ನೇ ತಿಂಗಳಲ್ಲಿ ಕ್ಲೀನಿಂಗು, ಫಿಲ್ಲಿಂಗು ನಿರಾತಂಕ. ಈ ದಿನಗಳಲ್ಲಿ ಒಸಡು ಊದಿ ರಕ್ತ ಬರುವುದು ಹಾರ್ಮೋನಿನ ಕಾರಣಕ್ಕೆ, ಹಾಗಂತ ಉಜ್ಜುವುದು ಬಿಟ್ಟರೆ ಇನ್ನೂ ಜಾಸ್ತಿಯಾಗುತ್ತದೆ. ವಾಂತಿಯಾದ ತಕ್ಷಣ ಬ್ರಷ್ ಮಾಡಬೇಡಿ, ಬಾಯಿ ಮುಕ್ಕಳಿಸಿ ಅರ್ಧ ಗಂಟೆ ಬಿಡಿ. ನೋವಿನ ಮಾತ್ರೆಯನ್ನು ಅಂಗಡಿಯವರ ಮಾತು ಕೇಳಿ ತೆಗೆದುಕೊಳ್ಳಬೇಡಿ.

ಅಮ್ಮನಿಗೆ ಒಂದೂ ಹಲ್ಲಿಲ್ಲ, ಸೆಟ್ಟು ಹಾಕ್ತಾರೆ. ಅವರಿಗೂ ಚೆಕಪ್ಪಾ?

ಹೌದು, ವರ್ಷಕ್ಕೊಮ್ಮೆ. ಹಲ್ಲು ಹೋದ ಮೇಲೂ ಮೂಳೆ ಕರಗುತ್ತಲೇ ಇರುತ್ತದೆ, ಐದು ವರ್ಷದ ಹಿಂದೆ ಸರಿಯಾಗಿ ಕೂರುತ್ತಿದ್ದ ಸೆಟ್ಟು ಈಗ ಸಡಿಲವಾಗಿ ಒಂದೇ ಕಡೆ ಉಜ್ಜುತ್ತಿರಬಹುದು. ಆ ಗಾಯ ಬರೀ ಗಾಯವಾ, ಬೇರೆ ಏನಾದರೂನಾ ಅಂತ ನೋಡಬೇಕು. ರಾತ್ರಿ ಸೆಟ್ಟು ತೆಗೆದು ತಣ್ಣೀರಲ್ಲಿಡಲಿ, ಬಿಸಿನೀರು ಹಾಕಿದರೆ ಸೊಟ್ಟಗಾಗುತ್ತದೆ. ಸೆಟ್ಟೇ ಇಲ್ಲದ, ಬಿಪಿಎಲ್ ಕಾರ್ಡಿರುವ ಹಿರಿಯರಿಗೆ ಉಚಿತವಾಗಿ ಮಾಡಿಕೊಡಲು ರಾಜ್ಯ ಸರ್ಕಾರ ತಂದ ದಂತ ಭಾಗ್ಯ ಯೋಜನೆ ಇದೆ. ತಾಲ್ಲೂಕು ಅಥವಾ ಜಿಲ್ಲಾಸ್ಪತ್ರೆಯ ಹಲ್ಲಿನ ವಿಭಾಗದಲ್ಲಿ ವಿಚಾರಿಸಿ. ಹೋಗುವಾಗ ರೇಷನ್ ಕಾರ್ಡು, ಆಧಾರ್ ಜೊತೆಗಿರಲಿ. ಸೆಟ್ಟು ಮಾಡಿಸಲು ಅಳತೆಗೆ, ಹಾಕಿ ನೋಡುವುದಕ್ಕೆ ಅಂತ ನಾಲ್ಕೈದು ಸಲ ಬರಬೇಕಾಗುತ್ತದೆ ಅಂತ ಅಮ್ಮನಿಗೆ ಮೊದಲೇ ಹೇಳಿಟ್ಟಿರಿ.